ಯುವರ್ಲ್ಸ್ ಜೊತೆ ಮೂರು ವರ್ಷ: ಹಲ್ಮಿಡಿ ಕೇಳಿದರೆ ತಾಳಗುಂದ ಕೊಟ್ಟ ಕಿರುಕೊಂಡಿ

ಪಾಠದ ಹಾಳೆಯ ಕೊನೆಯಲ್ಲಿ, ಮಕ್ಕಳು ಮನೆಯಲ್ಲಿ ಓದಿಕೊಳ್ಳಲೆಂದು ಒಂದು ಕೊಂಡಿಯನ್ನು ಮುದ್ರಿಸುವ ಅಭ್ಯಾಸ ನನಗಿರದಿದ್ದರೆ ಉದ್ದನೆಯ ವಿಳಾಸಕ್ಕೆ ಬದಲಾಗಿ ಬಳಸುವ ಚಿಕ್ಕ ಕೊಂಡಿಯನ್ನು, ಅಂದರೆ ಕಿರುಕೊಂಡಿಯನ್ನು, ನಮ್ಮದೇ ಸರ್ವರಿನಿಂದ ಮಾಡಿಕೊಡುವ ಯುವರ್ಲ್ಸ್ ಎಂಬ ತಂತ್ರಾಂಶದ ಗೊಡವೆಗೆ ನಾನು ಹೋಗುತ್ತಲೇ ಇರಲಿಲ್ಲ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಹೆಚ್ಚಾಗಿ ಬೇಕಾಗುವುದು ಕನ್ನಡ ವಿಕಿಪೀಡಿಯದ ಪುಟಗಳು. ಕನ್ನಡ ಪುಟದ ವಿಳಾಸ ಎಷ್ಟು ತೊಡಕಿನದು ಎಂಬುದು ಅದನ್ನು ಕಾಗದಕ್ಕೆ ಇಳಿಸಲು ಹೊರಟವರಿಗಷ್ಟೇ ಗೊತ್ತು. ಬ್ರೌಸರಿನಲ್ಲಿ ಕನ್ನಡದಲ್ಲೇ ಅಂದವಾಗಿ ಕಾಣುವ ವಿಳಾಸವನ್ನು ನಕಲು ಮಾಡಿ ಬೇರೆಡೆ ಅಂಟಿಸಿದೊಡನೆ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳಾಗಿ ಒಡೆದು, ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಂದಿಗೆ ಎರಡು ಅಕ್ಷರಗಳಾಗಿ, ಒಟ್ಟು ಒಂಬತ್ತು ಚಿಹ್ನೆಗಳಷ್ಟು ಉದ್ದವಾಗುತ್ತದೆ. 'ಕರ್ನಾಟಕ' ಎಂಬ ಪದದಲ್ಲಿ ಹಲಂತವೂ ದೀರ್ಘದ ಗುರುತೂ ಸೇರಿ ಏಳು ಸಂಕೇತಗಳಿರುವುದರಿಂದ ಅದೊಂದೇ ಪದ 63 ಚಿಹ್ನೆಗಳ ಸಾಲಾಗುತ್ತದೆ. ಅದನ್ನು ಹಾಳೆ ನೋಡಿಕೊಂಡು ಅಪ್ಪನ ಫೋನಿನಲ್ಲಿ ಟೈಪ್ ಮಾಡು ಎಂದು ಒಂಬತ್ತನೇ ತರಗತಿಯ ಹುಡುಗನಿಗೆ ಹೇಳುವುದು ಶಿಕ್ಷೆಯೇ ಸರಿ. ಕ್ಯೂಆರ್ ಕೋಡ್ ಹಾಕಬಹುದಿತ್ತಲ್ಲ ಎಂದು ಕೇಳುವವರು ನಮ್ಮ ಶಾಲೆಯ ಜೆರಾಕ್ಸ್ ಯಂತ್ರವನ್ನು ನೋಡಿಲ್ಲ. ಅದರಿಂದ ಹೊರಬರುವ ಕ್ಯೂಆರ್ ಕೋಡ್ ಮಸಿ ಚೆಲ್ಲಿದ ಕಲೆಯಂತಿರುತ್ತದೆ.

ಮೊದಲು ನಾನು ಒಂದು ಉಚಿತ ಕಿರುಕೊಂಡಿ ಸೇವೆಯನ್ನೇ ಬಳಸುತ್ತಿದ್ದೆ. ಒಂದು ದಿನ ಅದು ಕೊಂಡಿಗೂ ಪುಟಕ್ಕೂ ನಡುವೆ ಜಾಹೀರಾತಿನ ಪುಟವೊಂದನ್ನು ತಂದಿಟ್ಟಿತು. ಮಕ್ಕಳ ಕೈಯಲ್ಲಿರುವ ಹಾಳೆಯಿಂದ ಅಂಥ ಪುಟಕ್ಕೆ ದಾರಿ ತೋರಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಗೂಗಲ್ ತನ್ನ ಕಿರುಕೊಂಡಿ ಸೇವೆಯನ್ನು 2019ರ ಮಾರ್ಚ್ 30ರಂದು ನಿಲ್ಲಿಸಿದ್ದು ಎಲ್ಲರಿಗೂ ನೆನಪಿರುವುದರಿಂದ, ಇನ್ನೊಂದು ಉಚಿತ ಸೇವೆಯನ್ನು ನಂಬುವ ಧೈರ್ಯವೂ ಬರಲಿಲ್ಲ. ವಿಕಿಮೀಡಿಯಾದವರದೇ ಕಿರುಕೊಂಡಿ ಸೇವೆಯೊಂದಿದೆ, ಅದು ಚೆನ್ನಾಗಿಯೂ ಇದೆ. ಆದರೆ ಅದು ಅವರ ಯೋಜನೆಗಳ ಪುಟಗಳಿಗೆ ಮಾತ್ರ ಸಿಗುತ್ತದೆ, ಮೇಲಾಗಿ ಕಿರುಕೊಂಡಿಯ ಹೆಸರನ್ನು ನಾವು ಆರಿಸಿಕೊಳ್ಳುವಂತಿಲ್ಲ. ನನಗೆ ಬೇಕಾಗಿದ್ದದ್ದು ಹೆಸರೇ.

ಹೀಗೆ ಯುವರ್ಲ್ಸ್‌ಗೆ ಬಂದೆ. ಅದರ ಸ್ಥಾಪನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಇರುವ ಯಾವ ಸಾಧಾರಣ ಸರ್ವರಿನಲ್ಲಾದರೂ ಇದು ನಡೆಯುತ್ತದೆ. ನನ್ನದು ಒಂದು ಜಿಬಿ ಮೆಮೊರಿಯ, ಬಾಡಿಗೆಗೆ ಸಿಗುವ ಅತ್ಯಂತ ಅಗ್ಗದ ಯಂತ್ರ. ಪುಟಗಳನ್ನು ಬಡಿಸುವ ವೆಬ್ ಸರ್ವರ್ ತಂತ್ರಾಂಶವಾಗಿ ಅಪಾಚೆ ಬಳಸುವವರಿಗೆ ಬೇಕಾದ ನಿಯಮಗಳನ್ನು ಯುವರ್ಲ್ಸೇ ಬರೆದುಕೊಳ್ಳುತ್ತದೆ. ನಾನು ಅದರ ಬದಲು ಎಂಜಿನ್‌ಎಕ್ಸ್ ಹಾಕಿಕೊಂಡಿದ್ದರಿಂದ, ಸಿಗದ ವಿಳಾಸಗಳನ್ನೆಲ್ಲ ಯುವರ್ಲ್ಸ್‌ನ ಲೋಡರ್ ಕಡತಕ್ಕೆ ಕಳಿಸುವ ಒಂದು ಸಾಲನ್ನು ಸೇರಿಸಬೇಕಾಯಿತು, ಆ ಒಂದು ಸಾಲಿಗೆ ಒಂದು ಭಾನುವಾರದ ಮಧ್ಯಾಹ್ನ ಹೋಯಿತು. ಆದರೆ ಮೊದಲ ಸಲ ಲಾಗಿನ್ ಆದ ಮೇಲೆ ಯುವರ್ಲ್ಸ್‌ನ ಕಾನ್ಫಿಗ್ ಕಡತವನ್ನು, ಅಂದರೆ ಸೆಟ್ಟಿಂಗ್‌ಗಳ ಕಡತವನ್ನು, ಮತ್ತೆ ತೆರೆದಾಗ, ನಾನು ಅಂಜುತ್ತಂಜುತ್ತಲೇ ಬರಿಗಣ್ಣಿಗೆ ಕಾಣುವಂತೆ ಬರೆದಿಟ್ಟಿದ್ದ ಪಾಸ್‌ವರ್ಡನ್ನು ಅದು ತಾನಾಗಿಯೇ ಅಳಿಸಿ, ಅದರ ಜಾಗದಲ್ಲಿ ಗೂಢಲಿಪಿಯ ಉದ್ದನೆಯ ಸಾಲೊಂದನ್ನು ಬರೆದಿತ್ತು. ಯಜಮಾನನ ಸೋಮಾರಿತನವನ್ನು ಮೊದಲೇ ಊಹಿಸಿ ಮಾಡಿದ ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ದಿನನಿತ್ಯದ ಬಳಕೆಯಲ್ಲಿ ಸುಖವಿರುವುದು ಎರಡು ಕಡೆ. ರಾತ್ರಿ ಊಟವಾದ ಮೇಲೆ ಮರುದಿನದ ಹಾಳೆಯನ್ನು ಸಿದ್ಧಪಡಿಸುವಾಗ, ಬೇಕಾದ ಪುಟವನ್ನು ತೆರೆದು ಬುಕ್‌ಮಾರ್ಕ್ ಪಟ್ಟಿಯಲ್ಲಿ ಎಳೆದಿಟ್ಟುಕೊಂಡಿರುವ ಗುಂಡಿಯನ್ನು ಒತ್ತಿದರೆ ಕೊಂಡಿ ತಯಾರಾಗುತ್ತದೆ. ಪುಟದ ಕನ್ನಡ ಶೀರ್ಷಿಕೆಯೂ ಒಂದಕ್ಷರ ಕೆಡದೆ ಪಟ್ಟಿಯಲ್ಲಿ ಬಂದು ಕೂರುತ್ತದೆ. ಕಿರುಕೊಂಡಿಯ ಕೊನೆಯಲ್ಲಿ ಬರುವ ಕಿರುಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೇ ಕೊಡಬೇಕು. ಅದಾಗಿಯೇ ಕೊಡುವ ಹೆಸರುಗಳಲ್ಲಿ ಸೊನ್ನೆಗೂ 'ಓ'ಗೂ, ಒಂದಕ್ಕೂ 'ಎಲ್'ಗೂ ವ್ಯತ್ಯಾಸ ತಿಳಿಯದೆ ಮಕ್ಕಳು ಸೋಲುತ್ತಿದ್ದುದರಿಂದ ನಾನು ಪಾಠದ ಹೆಸರನ್ನೇ ಇಡುತ್ತೇನೆ. ಒಂದೇ ಪುಟಕ್ಕೆ ಹಲವು ಕಿರುಹೆಸರು ಇರಲಿ ಎಂದು ಕಾನ್ಫಿಗ್‌ನಲ್ಲಿ ಅನುಮತಿ ಕೊಟ್ಟುಕೊಂಡು, ಮಕ್ಕಳು ತಪ್ಪಾಗಿ ಬರೆಯಬಹುದಾದ ಎರಡು ಮೂರು ಕಾಗುಣಿತಗಳನ್ನೂ ಸೇರಿಸಿಬಿಡುತ್ತೇನೆ. ನನ್ನ ಹುಡುಗರ ಕೈಯಲ್ಲಿ ಹಲ್ಮಿಡಿಯ 'ಡಿ'ಗೆ ಯಾವ ಇಂಗ್ಲಿಷ್ ಅಕ್ಷರಗಳು ಬರಬಹುದೆಂದು ಊಹಿಸುವುದು ಒಂದು ಆಟವೇ ಆಗಿದೆ.

ಎರಡನೆಯ ಸುಖ, ಕೂಡುವ ಚಿಹ್ನೆ (+). ಕಿರುಕೊಂಡಿಯ ಕೊನೆಗೆ ಅದನ್ನೊಂದು ಹಾಕಿ ತೆರೆದರೆ ಆ ಕೊಂಡಿಯನ್ನು ಎಷ್ಟು ಜನ ಯಾವಾಗ ಒತ್ತಿದರು ಎಂಬ ರೇಖಾಚಿತ್ರ ಬರುತ್ತದೆ. ಬೆಳಗಿನ ಕಾಫಿ ಲೋಟ ಕೈಯಲ್ಲಿ ಹಿಡಿದು ಹಿಂದಿನ ರಾತ್ರಿಯ ಗೆರೆಯನ್ನು ನೋಡುವುದು ನನಗೆ ದಿನಪತ್ರಿಕೆಗಿಂತ ಮೊದಲಿನ ಓದಾಗಿಬಿಟ್ಟಿದೆ: ಸಂಜೆಯವರೆಗೆ ಮಲಗಿರುವ ಗೆರೆ, ಅಪ್ಪಂದಿರು ಫೋನಿನೊಂದಿಗೆ ಮನೆ ಸೇರುವ ಎಂಟರ ಹೊತ್ತಿಗೆ ಒಮ್ಮೆಲೇ ಎದ್ದು ನಿಲ್ಲುತ್ತದೆ.

ಇಷ್ಟರಲ್ಲೇ ನಿಲ್ಲಿಸಿದ್ದರೆ ಇದು ಬರಿಯ ಹೊಗಳಿಕೆಯಾಗುತ್ತಿತ್ತು. ಎರಡನೆಯ ವರ್ಷ, ಹಲ್ಮಿಡಿ ಶಾಸನದ ಹಾಳೆಯನ್ನು ಮಾಡುವಾಗ ಪಕ್ಕದ ಟ್ಯಾಬಿನಲ್ಲಿ ಮುಂದಿನ ವಾರದ ಪಾಠವಾದ ತಾಳಗುಂದದ ಪುಟವೂ ತೆರೆದಿತ್ತು. ಹಲ್ಮಿಡಿ ಎಂಬ ಹೆಸರಿಗೆ ನಾನು ತಾಳಗುಂದದ ಪುಟವನ್ನು ಕಟ್ಟಿದೆ. ಒಮ್ಮೆಯೂ ಒತ್ತಿ ನೋಡದೆ ಮುದ್ರಿಸಿ ಹಂಚಿದೆ. ರಾತ್ರಿ ಒಂಬತ್ತಕ್ಕೆ ತಪ್ಪು ಕಂಡಿತು, ನಿರ್ವಹಣಾ ಪುಟದಲ್ಲಿ ಒಂದೇ ನಿಮಿಷದಲ್ಲಿ ತಿದ್ದಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಒತ್ತಿ ನೋಡಿದರೆ ಹಲ್ಮಿಡಿಯೇ ಬಂತು. ಸ್ವಂತ ಸರ್ವರ್ ಇದ್ದರೆ ಹೀಗಿರಬೇಕು ಎಂದುಕೊಂಡು ಮಲಗಿದೆ.

ಮುಂದಿನ ವಾರ ಉತ್ತರಗಳನ್ನು ತಿದ್ದುವಾಗ, ಹಲ್ಮಿಡಿ ಯಾವ ಜಿಲ್ಲೆಯಲ್ಲಿದೆ ಎಂಬ ಪ್ರಶ್ನೆಗೆ ಹತ್ತಾರು ಮಕ್ಕಳು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಎಂದು ಬರೆದಿದ್ದರು. ಅದು ತಾಳಗುಂದದ ವಿಳಾಸ. ಹಲ್ಮಿಡಿ ಇರುವುದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಒಂಬತ್ತು ಗಂಟೆಗೆ ಮೊದಲು ನೋಡಿದವರಿರಬೇಕು ಎಂದುಕೊಂಡು ಕೇಳಿದರೆ, "ಇಲ್ಲ ಸಾರ್, ನಿನ್ನೆ ರಾತ್ರಿಯೂ ನೋಡಿದೆ, ಅದೇ ಬಂತು" ಎಂದ ಒಬ್ಬ. ಮಧ್ಯಾಹ್ನದ ಬಿಡುವಿನಲ್ಲಿ ಅವನ ಅಣ್ಣನ ಫೋನ್ ತರಿಸಿ ನೋಡಿದೆ. ನನ್ನ ಫೋನಿನಲ್ಲಿ ಹಲ್ಮಿಡಿಗೆ ಹೋಗುವ ಅದೇ ಕೊಂಡಿ ಅವನ ಫೋನಿನಲ್ಲಿ ತಾಳಗುಂದಕ್ಕೆ ಹೋಗುತ್ತಿತ್ತು.

ಕಾರಣ 301 ಎಂಬ ಅಂಕಿ. ಯುವರ್ಲ್ಸ್ ಪ್ರತಿಯೊಂದು ಕೊಂಡಿಗೂ 301 ಎಂಬ ಉತ್ತರವನ್ನು ಕೊಡುತ್ತದೆ. ಅದರರ್ಥ ಈ ವಿಳಾಸ ಶಾಶ್ವತವಾಗಿ ಅಲ್ಲಿಗೆ ಹೋಗಿದೆ ಎಂದು. ಮನೆ ಬದಲಾಗಿದೆ ಎಂದು ಒಮ್ಮೆ ಹೇಳಿದ ಮೇಲೆ ಅಂಚೆಯವನು ಹಳೆಯ ಮನೆಯ ಕದ ತಟ್ಟದಿರುವಂತೆ, ಒಮ್ಮೆ ಈ ಉತ್ತರ ಪಡೆದ ಬ್ರೌಸರ್ ಅದನ್ನು ಕ್ಯಾಶ್‌ನಲ್ಲಿ, ಅಂದರೆ ತನ್ನ ನೆನಪಿನ ಉಗ್ರಾಣದಲ್ಲಿ, ಇಟ್ಟುಕೊಂಡು ಮುಂದಿನ ಸಲ ನನ್ನ ಸರ್ವರನ್ನು ಕೇಳುವುದೇ ಇಲ್ಲ. ಕೇಳದವರಿಗೆ ತಿದ್ದಿದ ಉತ್ತರ ತಲುಪುವುದು ಹೇಗೆ? ನನ್ನ ಲ್ಯಾಪ್‌ಟಾಪು ಆ ಕೊಂಡಿಯನ್ನು ಹಿಂದೆ ಒಮ್ಮೆಯೂ ತೆರೆದಿರದ ಕಾರಣಕ್ಕಷ್ಟೇ ನನಗೆ ಸರಿಯಾದ ಪುಟ ಕಂಡಿತ್ತು. ಕಾಫಿಯ ಹೊತ್ತಿನ ನನ್ನ ರೇಖಾಚಿತ್ರದ ಮರ್ಯಾದೆಯೂ ಅದೇ ದಿನ ಕಡಿಮೆಯಾಯಿತು, ಏಕೆಂದರೆ ಕ್ಯಾಶ್‌ನಿಂದ ಹೋದ ಭೇಟಿಗಳು ಅದರಲ್ಲಿ ದಾಖಲಾಗುವುದೇ ಇಲ್ಲ. ಅತ್ತ, ವಾಟ್ಸಾಪಿನಲ್ಲಿ ಕೊಂಡಿಯನ್ನು ಅಂಟಿಸಿದಾಗ ಮುನ್ನೋಟ ತರಲು ಆಗುವ ಕರೆ ಮಾತ್ರ, ನಾನು ಕಳುಹಿಸುವ ಮೊದಲೇ, ಒಂದು ಕ್ಲಿಕ್ ಎಂದು ಸೇರಿಬಿಡುತ್ತದೆ.

ಕೊಂಡಿಯನ್ನು ತಿದ್ದುವ ಗುಂಡಿಯನ್ನು ಕೊಟ್ಟ ಮೇಲೆ, ಆ ತಿದ್ದುಪಡಿ ಎಲ್ಲರಿಗೂ ತಲುಪದು ಎಂಬ ಮಾತನ್ನು ಆ ಗುಂಡಿಯ ಪಕ್ಕದಲ್ಲೇ ಬರೆಯಬಾರದೇ ಎಂಬುದು ನನ್ನ ದೂರು. ಪರಿಹಾರವೇನೋ ಸುಲಭ. 301ರ ಬದಲು ತಾತ್ಕಾಲಿಕ ಎಂಬ ಅರ್ಥದ 302 ಅನ್ನು ಕಳಿಸುವ ಪುಟ್ಟ ಪ್ಲಗಿನ್ (ಯುವರ್ಲ್ಸ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕು) ಒಂದು ಉಚಿತವಾಗಿ ಸಿಗುತ್ತದೆ. ಕಡತವನ್ನು ಪ್ಲಗಿನ್‌ಗಳ ಜಾಗದಲ್ಲಿಟ್ಟು ಚಾಲೂ ಮಾಡಿದರೆ ಮುಗಿಯಿತು. ಅಂದಿನಿಂದ ಈ ತೊಂದರೆ ಮರುಕಳಿಸಿಲ್ಲ. ಮುದ್ರಿತ ಹಾಳೆಗೆ ಕೊಂಡಿ ಹಾಕುವವರು ಯಾರೇ ಆಗಲಿ, ಮೊದಲ ಕೊಂಡಿಯನ್ನು ಮಾಡುವ ಮೊದಲೇ ಇದನ್ನು ಹಾಕಿಕೊಳ್ಳಬೇಕು.

ಉಳಿದ ಜವಾಬ್ದಾರಿಗಳು ಸಣ್ಣವು. ಡೇಟಾಬೇಸಿನ ನಕಲು ಪ್ರತಿ ರಾತ್ರಿ ಮನೆಯ ಕಂಪ್ಯೂಟರಿಗೆ ಬರುವಂತೆ ಮಾಡಿದ್ದೇನೆ. ಒಂದೊಂದು ಕ್ಲಿಕ್ಕಿಗೂ ಸಮಯ, ಬ್ರೌಸರು, ಐಪಿ ವಿಳಾಸ ಎಲ್ಲವೂ ಲಾಗ್ ಕೋಷ್ಟಕದಲ್ಲಿ ಉಳಿಯುತ್ತವೆ. ಒತ್ತುವವರು ಮಕ್ಕಳಾದ್ದರಿಂದ ಏಪ್ರಿಲ್‌ನಲ್ಲಿ ಶಾಲೆ ಮುಗಿದೊಡನೆ ಅದನ್ನು ಖಾಲಿ ಮಾಡುತ್ತೇನೆ. ಡೊಮೈನಿಗೂ ಸರ್ವರಿಗೂ ಸೇರಿ ವರ್ಷಕ್ಕೆ ಆರು ಸಾವಿರ ರೂಪಾಯಿಯಷ್ಟಾಗುತ್ತದೆ, ಅದು ನನ್ನ ಸಂಬಳದಿಂದಲೇ ಹೋಗುತ್ತದೆ. ವಾಟ್ಸಾಪಿನಲ್ಲಷ್ಟೇ ಕೊಂಡಿ ಹಂಚುವವರಿಗೆ ಇದು ದಂಡದ ಖರ್ಚು. ನನ್ನ ಹಾಳೆಗಳು ಮಾತ್ರ ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಹೋಗುತ್ತವೆ; ಅವು ಓಡಾಡುತ್ತಿರುವಷ್ಟು ಕಾಲ ಡೊಮೈನನ್ನು ನವೀಕರಿಸುತ್ತಲೇ ಇರಬೇಕು.

ಆ ವರ್ಷದ ಮಕ್ಕಳಿಗೆ ಕ್ಯಾಶ್ ಅಳಿಸುವುದನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದೆ, ಶಿಕಾರಿಪುರ ಎಂದು ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟೆ. ಎಷ್ಟು ಜನ ಅಳಿಸಿದರೋ ಗೊತ್ತಿಲ್ಲ. ಅವರಲ್ಲಿ ಯಾರದೋ ಮನೆಯ ಹಳೆಯ ಫೋನಿನಲ್ಲಿ ನನ್ನ ಹಲ್ಮಿಡಿ ಇನ್ನೂ ತಾಳಗುಂದಕ್ಕೇ ಹೋಗುತ್ತಿರಬಹುದು.