ಲಾಂಗ್ ಐಲ್ಯಾಂಡಾ, ಲಿಟಲ್ ಅಂಡಮಾನಾ?

ಅಂಡಮಾನ್‌ಗೆ ಹೋದವರೆಲ್ಲ ಹ್ಯಾವ್‌ಲಾಕ್ ನೋಡಿಯೇ ಬರುತ್ತಾರೆ. ಈಗ ಅದರ ಹೆಸರು ಸ್ವರಾಜ್ ದ್ವೀಪ. ರಾಧಾನಗರ ಬೀಚ್, ಸ್ಕೂಬಾ, ಎಲ್ಲ ಚೆನ್ನಾಗಿದೆ, ಆದರೆ ಜನ ಜಾಸ್ತಿ. ಕಾಡು ಬೇಕು ಅನ್ನುವವರು ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ನಾನು ಉಳಿದು ನೋಡಿದ್ದು ಎರಡು ದ್ವೀಪ: ಉತ್ತರಕ್ಕೆ ಲಾಂಗ್ ಐಲ್ಯಾಂಡ್, ದಕ್ಷಿಣಕ್ಕೆ ಲಿಟಲ್ ಅಂಡಮಾನ್. ಒಂದೇ ಆರಿಸಿ ಅಂದರೆ ನನ್ನ ಓಟು ಲಾಂಗ್ ಐಲ್ಯಾಂಡ್‌ಗೆ.

ದ್ವೀಪ ಚಿಕ್ಕದು, ಊರೂ ಚಿಕ್ಕದು, ಓಡಾಟ ಎಲ್ಲ ನಡೆದುಕೊಂಡೇ. ಹಿಂದೆ ಇಲ್ಲಿ ಪ್ಲೈವುಡ್ ಕಾರ್ಖಾನೆ ಇತ್ತಂತೆ ಅಂತ ನಂಬೋದೇ ಕಷ್ಟ, ಅಷ್ಟು ದಟ್ಟ ಹಸಿರು. ಲಾಲಾಜಿ ಬೇ ಬೀಚಿಗೆ ದೋಣಿಯೂ ಸಿಗುತ್ತದೆ, ಆದರೆ ದಯವಿಟ್ಟು ಕಾಡುದಾರಿಯಲ್ಲಿ ನಡೆದು ಹೋಗಿ. ದೊಡ್ಡ ಮರಗಳ ಬೇರು ಹಲಗೆ ನಿಲ್ಲಿಸಿದ ಹಾಗೆ ಎದೆಮಟ್ಟಕ್ಕೆ ಎದ್ದಿರುತ್ತದೆ. ಅಂಥ ಒಂದು ಕಡೆ ಮೇಲಿನಿಂದ ಮರದ ಚಕ್ಕೆ ಉದುರುತ್ತಿತ್ತು, ತಲೆ ಎತ್ತಿದರೆ ಅಂಡಮಾನ್ ಮರಕುಟಿಗ: ಮೈಯೆಲ್ಲ ಕಪ್ಪು, ತಲೆ ಮೇಲೆ ಕೆಂಪು ಜುಟ್ಟು, ನಾವು ಕೆಳಗೇ ನಿಂತಿದ್ದರೂ ಕ್ಯಾರೇ ಅನ್ನದೆ ಒಣಕೊಂಬೆಯ ತೊಗಟೆ ಕಿತ್ತು ಕಿತ್ತು ಎಸೆಯುತ್ತಿತ್ತು. ಈ ಹಕ್ಕಿ ಅಂಡಮಾನ್ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಾಗರಹೊಳೆ ಥರ ಜೀಪಲ್ಲಿ ಕೂತು ಹುಲಿ ಕಾಯುವ ಕಾಡು ಇದಲ್ಲ, ಇಲ್ಲಿ ಹುಲಿ ಚಿರತೆ ಇಲ್ಲವೇ ಇಲ್ಲ. ಹಕ್ಕಿ, ಹಲ್ಲಿ, ಏಡಿ ನೋಡಿ ಖುಷಿಪಡುವವರಿಗೆ ಮಾತ್ರ ಇದು ಸ್ವರ್ಗ.

ಲಿಟಲ್ ಅಂಡಮಾನ್ ಲೆಕ್ಕವೇ ಬೇರೆ. ಅಲ್ಲಿನ ಬಂದರು ಹಟ್ ಬೇಗೆ ಹಡಗಿನಲ್ಲಿ ಗಂಟೆಗಟ್ಟಲೆ ಪ್ರಯಾಣ, ತೆರೆದ ಸಮುದ್ರ, ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಿ. ಅಲ್ಲಿ ಬಟ್ಲರ್ ಬೇ ಅಲೆಗಳೇ ಹೀರೋ, ಸರ್ಫಿಂಗ್ ಮಾಡುವವರು ಅದಕ್ಕೇ ಅಲ್ಲಿಗೆ ಹೋಗುತ್ತಾರೆ. ವೈಟ್ ಸರ್ಫ್ ಜಲಪಾತವೂ ಇದೆ. ಆದರೆ ದಾರಿಯಲ್ಲಿ ಎಕರೆಗಟ್ಟಲೆ ತಾಳೆಎಣ್ಣೆ ತೋಟ, ಕಾಡು ಕಡಿದು ಹಾಕಿದ್ದು, ಅದನ್ನು ನೋಡಿ ನನಗೆ ಬೇಜಾರಾಯಿತು. ಈ ದ್ವೀಪದ ತೀರಗಳಲ್ಲಿ ಲೆದರ್‌ಬ್ಯಾಕ್ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಉಪ್ಪುನೀರಿನ ಮೊಸಳೆಗಳೂ ಇವೆ, ಹಳ್ಳ ಸಮುದ್ರ ಸೇರುವ ಕಡೆ ಊರವರನ್ನು ಕೇಳದೆ ನೀರಿಗೆ ಇಳಿಯಲೇಬೇಡಿ. ಈ ದ್ವೀಪದ ಮೂಲನಿವಾಸಿಗಳಾದ ಓಂಗೆ ಜನರ ಮೀಸಲು ಪ್ರದೇಶಕ್ಕೆ ಪ್ರವೇಶ ಇಲ್ಲ, ಅದು ಅವರ ನೆಲ, ಇಣುಕಿ ನೋಡುವ ಆಸೆಯೂ ಬೇಡ.

ಎರಡಕ್ಕೂ ಸರ್ಕಾರಿ ಹಡಗನ್ನೇ ನೆಚ್ಚಬೇಕು, ಹವಾಮಾನ ಕೆಟ್ಟರೆ ಅದು ಹೊರಡುವುದಿಲ್ಲ. ವಾಪಸ್ ವಿಮಾನಕ್ಕೆ ಮುಂಚೆ ಎರಡು ದಿನ ಖಾಲಿ ಬಿಡಿ, ಕೈಯಲ್ಲಿ ನಗದು ಇರಲಿ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ಲಾಲಾಜಿ ಬೇಗೆ ಬೆಳಗ್ಗೆಯೇ ಹೊರಟುಬಿಡಿ.