ಹೆವಿ ಲೈಸೆನ್ಸಾ, ಫೋರ್ಕ್‌ಲಿಫ್ಟಾ? ಎರಡನ್ನೂ ಓಡಿಸಿದವನ ಲೆಕ್ಕ

ನಾನು ಮೊದಲು ಹೆವಿ ಲೈಸೆನ್ಸ್ ಮಾಡಿಸಿ ಎರಡು ವರ್ಷ ಲಾರಿ ಓಡಿಸಿದೆ. ಆಮೇಲೆ ಫೋರ್ಕ್‌ಲಿಫ್ಟ್ (ಮುಂದಿರುವ ಫೋರ್ಕ್ ಅನ್ನುವ ಎರಡು ಕಬ್ಬಿಣದ ಕೈಗಳಿಂದ ಸರಕು ಎತ್ತುವ ಗಾಡಿ) ಕಲಿತು ಈಗ ನೆಲಮಂಗಲದ ಕಡೆ ಒಂದು ಗೋಡೌನಿನಲ್ಲಿದ್ದೇನೆ. ಯಾವುದು ಕಲಿಯಲಿ ಅಂತ ಊರಿನ ಹುಡುಗರು ಕೇಳುತ್ತಲೇ ಇರುತ್ತಾರೆ.

ಹೆವಿಗೆ ತಾಳ್ಮೆ ಬೇಕು. ವಯಸ್ಸು 20 ತುಂಬಿರಬೇಕು, ಕಾರಿನ ಲೈಸೆನ್ಸ್ ಬಂದು ಒಂದು ವರ್ಷ ಆಗಿರಬೇಕು, ಆಮೇಲೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್), ತರಬೇತಿ, ಆರ್‌ಟಿಒ ಟೆಸ್ಟ್. ಓದು ಕಡಿಮೆ ಅಂತ ಹಿಂಜರಿಯಬೇಡಿ, ಎಂಟನೇ ಕ್ಲಾಸ್ ಆಗಿರಬೇಕೆಂಬ ನಿಯಮ 2019ರಲ್ಲೇ ಹೋಯಿತು. ಒಮ್ಮೆ ಬಂದರೆ ದೇಶದಲ್ಲಿ ಎಲ್ಲಿಗೆ ಹೋದರೂ ನಡೆಯುತ್ತದೆ, ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಅಷ್ಟೇ. ಬಾಟಾ ಸೇರಿದರೆ ನನಗೆ ಲಾರಿಯಲ್ಲೇ ಜಾಸ್ತಿ ದುಡ್ಡು ಸಿಗುತ್ತಿತ್ತು. ಆದರೆ ಹುಬ್ಬಳ್ಳಿಗೆ ಲೋಡು, ಅಲ್ಲಿಂದ ಸೊಲ್ಲಾಪುರ, ವಾಪಸ್ ಲೋಡ್ ಸಿಗುವ ತನಕ ಕ್ಯಾಬಿನ್ನಿನಲ್ಲೇ ನಿದ್ದೆ. ಮನೆಯವಳು ಎಷ್ಟು ದಿನ ಸಹಿಸುತ್ತಾಳೆ ಹೇಳಿ?

ಫೋರ್ಕ್‌ಲಿಫ್ಟಿನಲ್ಲಿ ನಾನು ಸರಿಯಾಗಿ ಏಮಾರಿದೆ. ಎರಡು ದಿನದ ಕೋರ್ಸು, ಒಂದೇ ಗಾಡಿ, ಹದಿನಾಲ್ಕು ಜನ. ನನಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಜೊತೆಗೆ ಬಣ್ಣಬಣ್ಣದ ಸರ್ಟಿಫಿಕೇಟು. ಕೆಲಸ ಕೇಳಲು ಹೋದಾಗ ಸೂಪರ್‌ವೈಸರ್ ಅದನ್ನು ನೋಡಲೂ ಇಲ್ಲ, ಪ್ಯಾಲೆಟ್ (ಸರಕು ಜೋಡಿಸುವ ಹಲಗೆ) ತೋರಿಸಿ "ಎತ್ತಿ ಮೇಲಿಡು" ಅಂದರು. ಲಾರಿ ತಿರುಗಿಸಿದ ಹಾಗೇ ತಿರುಗಿಸಿದೆ. ಇದರಲ್ಲಿ ತಿರುಗುವುದು ಹಿಂದಿನ ಚಕ್ರ ಅಲ್ವಾ, ಹಿಂಭಾಗ ಬೀಸಿಕೊಂಡು ಹೋಗಿ ರ‍್ಯಾಕಿನ ಕಂಬಕ್ಕೆ ಉಜ್ಜಿತು. ಕೆಲಸ ಸಿಗಲಿಲ್ಲ.

ಆಮೇಲೆ ಇನ್ನೊಂದು ಗೋಡೌನಿಗೆ ಹೆಲ್ಪರ್ ಆಗಿ ಸೇರಿ, ಅವರೇ ಕೊಟ್ಟ ಟ್ರೈನಿಂಗಿನಲ್ಲಿ ಎರಡು ತಿಂಗಳು ಕಲಿತೆ. ಲೋಡ್ ಒಯ್ಯುವಾಗ ಫೋರ್ಕ್ ನೆಲದಿಂದ ಗೇಣಿಗಿಂತ ಮೇಲೆ ಏಳಬಾರದು. ಮುಂದೆ ಕಾಣದಿದ್ದರೆ ರಿವರ್ಸ್‌ನಲ್ಲೇ ಹೋಗಬೇಕು. ಮೂರು ಟನ್ ಗಾಡಿ ಅಂತ ಪ್ಲೇಟಿನಲ್ಲಿ ಬರೆದಿದ್ದರೂ ಉದ್ದನೆಯ ಪ್ಯಾಲೆಟ್ಟಿಗೆ, ಎತ್ತರದ ರ‍್ಯಾಕಿಗೆ ಅದು ಮೂರು ಟನ್ ಅಲ್ಲವೇ ಅಲ್ಲ, ಭಾರ ಫೋರ್ಕಿನ ಬುಡದಿಂದ ದೂರ ಹೋದಷ್ಟೂ ಗಾಡಿ ಮುಗ್ಗರಿಸಲು ನೋಡುತ್ತದೆ. ಈಗ ಇಕ್ಕಟ್ಟಿನ ಸಾಲುಗಳಲ್ಲಿ ರೀಚ್ ಟ್ರಕ್, ಅಂದರೆ ಫೋರ್ಕನ್ನು ಮುಂದಕ್ಕೆ ಚಾಚುವ ಫೋರ್ಕ್‌ಲಿಫ್ಟ್, ಓಡಿಸುತ್ತೇನೆ. ಸಂಬಳ ಸ್ವಲ್ಪ ಏರಿದೆ, ಶಿಫ್ಟ್ ಮುಗಿದರೆ ಮನೆ ಊಟ.

ಗಲ್ಫ್ ಕನಸಿದ್ದವರಿಗೆ ಒಂದು ಮಾತು: ದುಬೈನಲ್ಲಿ ಫೋರ್ಕ್‌ಲಿಫ್ಟಿಗೇ ಬೇರೆ ಲೈಸೆನ್ಸ್, ಅದರಲ್ಲೂ ಲೈಟ್, ಹೆವಿ ಅಂತ ಎರಡು. ಇಲ್ಲಿನ ಸರ್ಟಿಫಿಕೇಟ್ ಹಿಡಿದುಕೊಂಡು ಸುಮ್ನೆ ವಿಮಾನ ಹತ್ತಬೇಡಿ.

ಮೊನ್ನೆ ಅಕ್ಕನ ಮಗನಿಗೆ ಹೇಳಿದ್ದು ಇಷ್ಟೇ. ಕಾರಿನ ಲೈಸೆನ್ಸ್ ಈಗಲೇ ಮಾಡಿಸು. ಹೆವಿಗೆ ಹೇಗೂ ಒಂದು ವರ್ಷ ಕಾಯಬೇಕು, ಆ ವರ್ಷದಲ್ಲಿ ಫೋರ್ಕ್‌ಲಿಫ್ಟ್ ಕಲಿ. ಫೀಸ್ ಕಟ್ಟುವ ಮೊದಲು ಒಂದು ಗಾಡಿಗೆ ಎಷ್ಟು ಜನ ಅಂತ ಕೇಳು.