ಎಲ್‌ಪಿ, ಆ್ಯಪ್, ಸಿಡಿ: ಮಂಗಳೂರಿನ ಮಳೆಗೆ ತಾಳಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಡಿಗೆ. ಐವತ್ತು ದಾಟಿದ ಮೇಲೆ ಹಳೇ ಆಲ್ಬಂಗಳನ್ನು ಹುಡುಕಿ ಹುಡುಕಿ ಕೇಳುವ ಹುಚ್ಚು ಹಿಡಿದವಳು ನಾನು. ಎಲ್‌ಪಿ, ಅಂದರೆ ಹಳೇ ಗ್ರಾಮಫೋನ್ ಥರದ ದೊಡ್ಡ ಕಪ್ಪು ಪ್ಲೇಟು, ಹಾಡು ಕೇಳುವ ಫೋನಿನ ಆ್ಯಪ್, ಸಿಡಿ ಮೂರನ್ನೂ ಮಂಗಳೂರು ಕದ್ರಿಯ ನಮ್ಮ ಮನೆಯಲ್ಲಿ ಬೇಸಿಗೆ, ಮಳೆಗಾಲ ಎರಡರಲ್ಲೂ ಬಳಸಿ ನೋಡಿದ್ದೇನೆ. ಸೆಕೆಂಡ್‌ಹ್ಯಾಂಡ್ ಸಿಡಿ ಪ್ಲೇಯರ್ ಒಂದನ್ನು ನಾಲ್ಕು ಸಾವಿರಕ್ಕೆ ತಂದದ್ದು ಈಚಿನ ವರ್ಷಗಳಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಖರೀದಿ. ನನ್ನ ಹಾಗೆ ತಡವಾಗಿ ಶುರು ಮಾಡಿದವರು, ಅದರಲ್ಲೂ ಕರಾವಳಿಯಲ್ಲಿ ಇರುವವರು, ದುಡ್ಡು ಹಾಕುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಪ್ರಾಯದವರಿಗೆ ಹಾಡು ಗೊತ್ತು, ಆಲ್ಬಂ ಗೊತ್ತಿಲ್ಲ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಅಂಗಡಿಗೆ ಹೋಗಿ ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಅವರು ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ಒಂದು ಚಿತ್ರಗೀತೆ, ಅದರ ಹಿಂದೆಯೇ ಒಂದು ಭಾವಗೀತೆ, ಕೊನೆಗೆ ಜಾಗ ಉಳಿದರೆ ಒಂದು ಕೊಂಕಣಿ ಹಾಡು. ಗಲ್ಫಿನಿಂದ ಬಂದ ನೆಂಟರು ತಂದ ರೇಡಿಯೊ-ಕ್ಯಾಸೆಟ್ ಟೂ-ಇನ್-ಒನ್‌ನಲ್ಲಿ ಅದೇ ತಿರುಗುತ್ತಿತ್ತು. ಯಾವ ತುಣುಕು ಮೊದಲು, ಯಾವುದು ಆಮೇಲೆ, ಎಲ್ಲಿ ನಿಲ್ಲಿಸಬೇಕು ಅಂತ ಕಲಾವಿದರೇ ಕೂತು ಯೋಚಿಸಿ ಕಟ್ಟಿದ ನಲವತ್ತು ನಿಮಿಷವನ್ನು ಇಡಿಯಾಗಿ ಕೇಳುವ ರುಚಿ ನನಗೆ ಸಿಕ್ಕಿದ್ದು ಈಗ.

ಆ ರುಚಿ ಹತ್ತಿಸಿದ್ದು 1967ರ ಕಾಲ್ ಆಫ್ ದಿ ವ್ಯಾಲಿ. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನ, ಅಷ್ಟೇ ಕಥೆ. ಬೆಳಗಿನ ರಾಗ ಅಹೀರ್ ಭೈರವ್‌ನಿಂದ ಶುರುವಾಗಿ ರಾತ್ರಿಯ ರಾಗ ಪಹಾಡಿಗೆ ಮುಗಿಯುತ್ತದೆ. ಪಹಾಡಿಯನ್ನು ಬೇರೆಯಾಗಿ ಎಷ್ಟೋ ಸಲ ಕೇಳಿದ್ದೆ. ಬೆಳಗಿನಿಂದ ನಡೆದುಕೊಂಡು ಬಂದು ಅದನ್ನು ತಲುಪಿದಾಗ ಅದು ಬೇರೆಯೇ ಕೇಳಿಸಿತು.

ಎಲ್‌ಪಿ ವಿಷಯಕ್ಕೆ ಬರೋಣ. ಅಣ್ಣ ಬೆಂಗಳೂರಿನ ಫ್ಲ್ಯಾಟಿಗೆ ಹೋಗುವಾಗ ಪ್ಲೇಟು ತಿರುಗಿಸುವ ತನ್ನ ಯಂತ್ರ, ಅಂದರೆ ಟರ್ನ್‌ಟೇಬಲ್, ಮತ್ತು ಒಂದು ಪೆಟ್ಟಿಗೆ ತುಂಬ ಪ್ಲೇಟುಗಳನ್ನು ನನಗೆ ಬಿಟ್ಟುಹೋದ. ಎಲ್‌ಪಿಯ ಸುಖ ಸುಳ್ಳಲ್ಲ. ಹನ್ನೆರಡು ಇಂಚಿನ ಕವರ್ ತೊಡೆ ಮೇಲೆ ಇಟ್ಟುಕೊಂಡು ಓದುತ್ತಾ ಕೇಳುವುದಕ್ಕೆ ಬದಲಿ ಇಲ್ಲ. ಕಾಲ್ ಆಫ್ ದಿ ವ್ಯಾಲಿಯಲ್ಲಂತೂ ಮೊದಲ ಬದಿ ಮುಗಿಯುವ ಹೊತ್ತಿಗೆ ಹಗಲು ಮುಗಿಯುತ್ತದೆ. ಎದ್ದು ಪ್ಲೇಟು ತಿರುಗಿಸಿದರೆ ಸಂಜೆಯ ಭೂಪ್. ಆ ಬಿಡುವೂ ಸಂಗೀತದ್ದೇ ಅನ್ನಿಸುತ್ತದೆ. ಡಿಸೆಂಬರಿನಿಂದ ಮೇವರೆಗೆ ನಾನು ಎಲ್‌ಪಿಗೆ ಪೂರ್ತಿ ಒಲಿದಿದ್ದೆ.

ಆಮೇಲೆ ಮಳೆ ಬಂತು.

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಚಪ್ಪಲಿ, ಬೆಲ್ಟು, ಮದುವೆ ಸೀರೆ, ಆಲ್ಬಂನಲ್ಲಿಟ್ಟ ಫೋಟೋ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿದು. ಎಲ್‌ಪಿಯ ರಟ್ಟಿನ ಕವರ್, ಒಳಗಿನ ಕಾಗದದ ಚೀಲ ಎರಡೂ ತೇವ ಹೀರುತ್ತವೆ. ಜುಲೈಯಲ್ಲಿ ಒಂದು ಪ್ಲೇಟು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕಪ್ಪು ಮೈ ಮೇಲೆ ಬೂದು ಬಣ್ಣದ ಚುಕ್ಕಿಗಳು. ಒಂದೊಂದು ಚುಕ್ಕಿಯಿಂದಲೂ ಕೂದಲಿಗಿಂತ ತೆಳುವಾದ ಎಳೆಗಳು ಗೆರೆಗಳಿಗೆ ಅಡ್ಡವಾಗಿ ಹರಡಿಕೊಂಡಿದ್ದವು. ಬೆರಳಿಗೆ ಏನೂ ತಾಗುವುದಿಲ್ಲ. ಮುಳ್ಳಿಗೆ ಮಾತ್ರ ಎಲ್ಲ ತಾಗುತ್ತದೆ. ಪಟ್, ಪಟ್, ಚರ್ರ್.

ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಂ ದಿ ಡಾರ್ಕ್ ಸೈಡ್ ಆಫ್ ದಿ ಮೂನ್ ಶುರುವಾಗುವುದು ಎದೆಬಡಿತದಿಂದ. ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣ ಸದ್ದಿನಿಂದ ಮೆಲ್ಲಗೆ ಏಳುತ್ತದೆ. ಮುಗಿಯುವುದೂ ಅದೇ ಬಡಿತದಲ್ಲಿ. ಜಡಿಮಳೆಯ ಆಟಿ ತಿಂಗಳಲ್ಲಿ ಅಣ್ಣನ ಪ್ಲೇಟು ಹಾಕಿದರೆ ಆ ಬಡಿತವೇ ಇಲ್ಲ. ಒಳಗೆ ಬೂಷ್ಟಿನ ಚಟಪಟ, ಮೇಲೆ ತಾರಸಿಯ ಶೀಟಿನ ಮೇಲೆ ಮಳೆಯ ಸದ್ದು. ಮಳೆಯನ್ನು ನಿಲ್ಲಿಸಲಿಕ್ಕಾಗುವುದಿಲ್ಲ. ಹಾಗಾಗಿ ಬೂಷ್ಟಿನ ಹಿಂದೆ ಬಿದ್ದೆ.

ತೊಳೆಯುವ ಕ್ರಮ ಉಂಟು. ಡಿಸ್ಟಿಲ್ಡ್ ವಾಟರ್, ಮೆಡಿಕಲ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ, ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ. ಮೈಕ್ರೋಫೈಬರ್ ಬಟ್ಟೆಯಲ್ಲಿ ಅದ್ದಿ ಗೆರೆಯ ಜೊತೆಗೇ ಸುತ್ತಾಗಿ ಒರೆಸಬೇಕು. ಗೆರೆಗೆ ಅಡ್ಡ ಒರೆಸಲೇಬಾರದು. ನಡುವಿನ ಲೇಬಲ್‌ಗೆ ನೀರು ತಾಗಬಾರದು. ಹಿರಿಯರ ಕಾಲದ 78 ಆರ್‌ಪಿಎಂ ಪ್ಲೇಟುಗಳಿದ್ದರೆ ಆಲ್ಕೋಹಾಲ್ ಹತ್ತಿರವೂ ತರಬೇಡಿ. ಅವು ಅರಗಿನಿಂದ ಮಾಡಿದವು, ಆಲ್ಕೋಹಾಲ್‌ಗೆ ಕರಗುತ್ತವೆ. ಅಣ್ಣನ ಪೆಟ್ಟಿಗೆಯಲ್ಲಿ ಅಂಥವೂ ಕೆಲವು ಇದ್ದವು.

ತೊಳೆದದ್ದು ಒಣಗಬೇಕಲ್ಲ. ಒಗೆದ ಬಟ್ಟೆಯೇ ಒಣಗದ ತಿಂಗಳು. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ಪ್ಲೇಟುಗಳನ್ನು ನಿಲ್ಲಿಸಿ ಫ್ಯಾನ್ ಹಾಕಿ ರಾತ್ರಿಯಿಡೀ ಬಿಡುತ್ತಿದ್ದೆ. ಅಷ್ಟು ಮಾಡಿ ಮತ್ತೆ ಅದೇ ಹಳೇ ಚೀಲಕ್ಕೆ ಹಾಕಿದರೆ ಕೆಲವೇ ವಾರದಲ್ಲಿ ಬೂಷ್ಟು ವಾಪಸ್. ಒಳಚೀಲಗಳನ್ನು ಪಾಲಿಥೀನ್‌ನವುಗಳಿಗೆ ಬದಲಾಯಿಸಿದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟೆ. ಅದು ಬೇಗ ತೇವ ಕುಡಿದು ಸುಸ್ತಾಗುತ್ತದೆ, ಮತ್ತೆ ಬಿಸಿ ಮಾಡಿ ಒಣಗಿಸಬೇಕು.

ನಮ್ಮ ಊರಿನ ಹಳೇ ಉಪಾಯ ನಿಮಗೆ ಗೊತ್ತಿರಬಹುದು: ಕಪಾಟಿನೊಳಗೆ ನಲವತ್ತು ವಾಟಿನ ಬಲ್ಬ್ ಹೊತ್ತಿಸಿಡುವುದು. ಬಟ್ಟೆಗೆ, ಕ್ಯಾಮೆರಾ ಲೆನ್ಸಿಗೆ ಅದು ಸರಿ. ಎಲ್‌ಪಿಗೆ ಆಗುವುದಿಲ್ಲ. ವಿನೈಲ್ ಬಿಸಿಗೆ ಬಾಗುತ್ತದೆ. ಬಲ್ಬಿಗೆ ಹತ್ತಿರ ಇದ್ದ ಪ್ಲೇಟೊಂದು ಅಂಚಿನಲ್ಲಿ ಸಣ್ಣಗೆ ಸೊಟ್ಟಗಾಯಿತು. ಈಗ ಅದರ ಮೇಲೆ ಮುಳ್ಳು ಹೋಗುವಾಗ ದೋಣಿಯ ಹಾಗೆ ಏರುತ್ತದೆ, ಇಳಿಯುತ್ತದೆ. ತೇವ ಬಿಟ್ಟರೆ ಬೂಷ್ಟು, ಶಾಖ ಕೊಟ್ಟರೆ ಬಾಗು. ಎರಡರ ನಡುವೆ ಇರುವ ಪರಿಹಾರ ಅಂದರೆ ಕ್ಯಾಮೆರಾದವರು ಇಡುವ, ತೇವ ನಿಲ್ಲದ ಡ್ರೈ ಕ್ಯಾಬಿನೆಟ್, ಇಲ್ಲವೇ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್. ಎಲ್‌ಪಿ ನಿಲ್ಲುವಷ್ಟು ದೊಡ್ಡ ಡ್ರೈ ಕ್ಯಾಬಿನೆಟ್‌ನ ಬೆಲೆ ಕೇಳಿದೆ. ಆ ದುಡ್ಡಿಗೆ ನನಗೆ ಬೇಕಾದ ಆಲ್ಬಂಗಳೆಲ್ಲ ಸಿಡಿಯಲ್ಲಿ ಬಂದು ಇನ್ನೂ ಉಳಿಯುತ್ತಿತ್ತು.

ಎಲ್‌ಪಿಯ ಉಳಿದ ಖರ್ಚನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊಸ ಇಂಪೋರ್ಟೆಡ್ ಪ್ಲೇಟು ಒಂದಕ್ಕೆ ಮೂರು ಸಾವಿರದ ಆಸುಪಾಸು. ಮುಳ್ಳು ಸವೆಯುತ್ತದೆ, ಬದಲಾಯಿಸಬೇಕು. ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳಿನ ಭಾರ ಜಾಸ್ತಿ, ಒಳ್ಳೆಯ ಪ್ಲೇಟುಗಳನ್ನು ಅವುಗಳ ಮೇಲೆ ಇಡಬೇಡಿ. ನಡುವೆ ಕರೆಂಟ್ ಹೋದರೆ ಸ್ವರ ಜಾರುತ್ತಾ ಜಾರುತ್ತಾ ನಿಲ್ಲುತ್ತದೆ, ಕೇಳಲಿಕ್ಕಾಗುವುದಿಲ್ಲ.

ಆ್ಯಪ್ ಬಗ್ಗೆ ನನಗೆ ದ್ವೇಷವಿಲ್ಲ. ಬೂಷ್ಟಿಲ್ಲ, ಧೂಳಿಲ್ಲ, ತಿಂಗಳ ಖರ್ಚೂ ಹಗುರ. ಕರೆಂಟ್ ಹೋದಾಗಲೂ ಹಾಡುವುದು ಅದೊಂದೇ. ಹೊಸ ಹೆಸರು ಕಿವಿಗೆ ಬಿದ್ದರೆ ಮೊದಲು ಹುಡುಕುವುದು ಅಲ್ಲೇ. ಆದರೆ ಅಲ್ಲಿ ಆಲ್ಬಂಗೆ ಕೊನೆಯೇ ಇಲ್ಲ. ಡಾರ್ಕ್ ಸೈಡ್‌ನ ಕಡೆಯ ಎದೆಬಡಿತ ನಿಧಾನಕ್ಕೆ ಅಡಗುತ್ತಿರುವಾಗಲೇ ಆ್ಯಪ್ ತಾನಾಗಿ ಬೇರೆ ಯಾರದೋ ಹಾಡು ಶುರು ಮಾಡುತ್ತದೆ. ಅದನ್ನು ನಿಲ್ಲಿಸುವ ಸೆಟ್ಟಿಂಗ್ ಉಂಟು, ಹುಡುಕಿ ಆಫ್ ಮಾಡಿಟ್ಟಿದ್ದೇನೆ. ಅಷ್ಟರಲ್ಲಿ ಫೋನ್ ರಿಂಗಾಗುತ್ತದೆ. ಒಂದೇ ಆಲ್ಬಂ ಹುಡುಕಿದರೆ ರಿಮಾಸ್ಟರ್, ಮೋನೋ, ಡೀಲಕ್ಸ್ ಅಂತ ಸಾಲು ಸಾಲು ಬರುತ್ತವೆ. ಹೊಸದಾಗಿ ಕೇಳುವವರಿಗೆ ಇದರಲ್ಲಿ ಯಾವುದು ಅಸಲು ಅಂತ ಹೇಗೆ ತಿಳಿಯಬೇಕು? ಡೀಲಕ್ಸ್‌ನಲ್ಲಿ ಕೈಬಿಟ್ಟ ತುಣುಕುಗಳನ್ನೂ ಸೇರಿಸಿರುತ್ತಾರೆ. ಯಾಕೆ ಕೈಬಿಟ್ಟಿದ್ದರು ಅಂತ ಯೋಚಿಸಬೇಕಲ್ವಾ?

ಇನ್ನು ನನ್ನ ಸಿಡಿ. ಸಿಡಿ ಬಂದದ್ದು 1982ರಲ್ಲಿ, ಒಂದರಲ್ಲಿ 74 ನಿಮಿಷ ಹಿಡಿಸುತ್ತದೆ. ಹಳೇ ಎಲ್‌ಪಿ ಒಂದರ ಎರಡೂ ಬದಿ ಸೇರಿ ನಲವತ್ತರಿಂದ ನಲವತ್ತೈದು ನಿಮಿಷ. ಹಾಗಾಗಿ ಇಡೀ ಆಲ್ಬಂ ಒಂದೇ ಉಸಿರಿಗೆ ಕೇಳಬಹುದು. ಮುಗಿದ ಮೇಲೆ ಪ್ಲೇಯರ್ ಸುಮ್ನೆ ನಿಲ್ಲುತ್ತದೆ. ಆ ಮೌನದಲ್ಲಿ ಐದು ನಿಮಿಷ ಕೂರುವುದು ನನಗೆ ತುಂಬ ಮುಖ್ಯ.

ಬೂಷ್ಟು ಸಿಡಿಯನ್ನೂ ಬಿಡುವುದಿಲ್ಲ, ಒಪ್ಪುತ್ತೇನೆ. ಒಳಗಿನ ಪುಸ್ತಿಕೆಯ ಹಾಳೆಗಳು ಅಂಟಿಕೊಳ್ಳುತ್ತವೆ, ತಟ್ಟೆಯ ಮೇಲೆ ಮಬ್ಬು ಕೂರುತ್ತದೆ. ಆದರೆ ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿದರೆ ಹೋಗುತ್ತದೆ. ಇಲ್ಲಿ ಸುತ್ತಾಗಿ ಒರೆಸಬಾರದು, ಎಲ್‌ಪಿಗೆ ಪೂರ್ತಿ ಉಲ್ಟಾ. ಲೇಸರ್ ಪ್ಲಾಸ್ಟಿಕ್‌ನ ಆಳಕ್ಕೆ ನೋಡುವುದರಿಂದ ಮೇಲ್ಮೈಯ ಸಣ್ಣ ಧೂಳು ಅದಕ್ಕೆ ಲೆಕ್ಕಕ್ಕಿಲ್ಲ. ಜೋಪಾನ ಮಾಡಬೇಕಾದ್ದು ಹೆಸರು ಅಚ್ಚಾದ ಬದಿಯನ್ನು. ಸಂಗೀತ ಇರುವ ಪದರ ಆ ಬದಿಯ ಬಣ್ಣದ ಕೆಳಗೇ ಇದೆ. ಅಲ್ಲಿ ಆಳವಾದ ಗೀರು ಬಿದ್ದರೆ ಆ ಭಾಗ ಹೋಯಿತು ಅಂತಲೇ ಲೆಕ್ಕ. ಹಳೇ ಸಿಡಿ ಕೊಳ್ಳುವಾಗ ಮೇಲಿನ ಬದಿಯನ್ನು ಮೊದಲು ನೋಡಿ.

ಸಿಡಿ ನನ್ನನ್ನು ಪೂರ್ತಿ ಗೆದ್ದದ್ದು ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂ ಹಾಕಿದ ದಿನ. 1959ರಲ್ಲಿ ಬಂದ ಜಾಝ್ ಆಲ್ಬಂ ಅದು. ಮೊದಲ ಮೂರು ತುಣುಕುಗಳನ್ನು ಆ ವರ್ಷದ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ರೆಕಾರ್ಡ್ ಮಾಡುವಾಗ ಮುಖ್ಯ ಟೇಪ್ ಮೆಷಿನ್ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನಕ್ಕೆ ತುಂಬಿಸಿದ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸಂಗೀತ ಬೇಗ ಓಡುತ್ತದೆ, ಶ್ರುತಿ ಏರುತ್ತದೆ. ಎಲ್‌ಪಿಯ ಮೊದಲ ಬದಿ ಹಾಗೆಯೇ ಅಚ್ಚಾಗಿ ದಶಕಗಳ ಕಾಲ ಹಾಗೆಯೇ ಮಾರಾಟವಾಯಿತು. ಅದೇ ದಿನ ಜೊತೆಗೆ ಓಡಿದ್ದ ಎರಡನೇ ಮೆಷಿನ್ನಿನ ಟೇಪು ಸರಿಯಾಗಿತ್ತು. 1990ರ ದಶಕದಲ್ಲಿ ಅದನ್ನು ಬಳಸಿ ಸಿಡಿಯಲ್ಲಿ ಶ್ರುತಿ ಸರಿಪಡಿಸಿದರು.

ಇದನ್ನು ಓದಿ ಸುಮ್ಮನೆ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಭಜನೆಗೆ ಇಟ್ಟುಕೊಂಡಿರುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತೆಗೆದು ಬಿಳಿ ಎರಡಕ್ಕೆ, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆಯ ಸ್ವರಕ್ಕೆ, ಇಟ್ಟೆ. ಮೊದಲ ತುಣುಕಿನ ಶ್ರುತಿ ಅದು. ಸಿಡಿ ಹಾಕಿದೆ, ಷಡ್ಜ ಸರಿಯಾಗಿ ಕೂತಿತು. ನಡುವೆ ಅವರೇ ಅರ್ಧ ಸ್ವರ ಮೇಲೇರುತ್ತಾರೆ, ಆಗ ಶ್ರುತಿಗೆ ಕೂಡುವುದಿಲ್ಲ, ಮತ್ತೆ ಇಳಿದಾಗ ಕೂಡುತ್ತದೆ. ಅಣ್ಣನ ಹಳೇ ಎಲ್‌ಪಿ ಹಾಕಿದೆ. ಶುರುವಿನಿಂದಲೇ ಸ್ವರ ಶ್ರುತಿಗಿಂತ ಒಂಚೂರು ಮೇಲೆ ನಿಂತಿದೆ, ಹಲ್ಲು ಚುಳ್ಳೆನ್ನುವ ಹಾಗೆ. ಟರ್ನ್‌ಟೇಬಲ್ಲೇ ಜೋರಾಗಿ ತಿರುಗುತ್ತಿದೆಯೋ ಅಂತ ಎರಡನೇ ಬದಿ ಹಾಕಿ ಬಿಳಿ ಐದಕ್ಕೆ ಇಟ್ಟು ನೋಡಿದೆ. ಅದು ಕೂಡಿತು. ಅಂದರೆ ಯಂತ್ರ ಸರಿ ಇದೆ, ಅಚ್ಚಿನದ್ದೇ ದೋಷ. ಹಳೆಯದೇ ಅಸಲು ಅಂತ ಹೇಳುವವರಿಗೆ ನನ್ನ ಉತ್ತರ ಇದು. ಆ ದಿನ ಸ್ಟುಡಿಯೋದಲ್ಲಿ ಅವರು ನುಡಿಸಿದ ಶ್ರುತಿ ಸಿಡಿಯಲ್ಲಿದೆ.

ಸಿಡಿಯ ಒಂದು ಕೊರತೆ ಹೇಳಲೇಬೇಕು. ಜಾಗ ಮಿಕ್ಕಿದೆ ಅಂತ ಹೆಚ್ಚುವರಿ ತುಣುಕು ತುಂಬಿಸುತ್ತಾರೆ. ನನ್ನ ಕಾಲ್ ಆಫ್ ದಿ ವ್ಯಾಲಿ ಸಿಡಿಯಲ್ಲಿ ಪಹಾಡಿ ಮುಗಿದು ಕುರಿಗಾಹಿಯ ದಿನ ಮುಗಿದ ಮೇಲೂ ಸಂಗೀತ ಮುಂದುವರಿಯುತ್ತದೆ. ರಿಮೋಟಿನ ಪ್ರೋಗ್ರಾಂ ಬಟನ್‌ನಲ್ಲಿ ಮೂಲ ಆಲ್ಬಂನಷ್ಟನ್ನೇ ಕೂರಿಸಿದರೆ ಸರಿಯಾಗುತ್ತದೆ. ರಿಮೋಟ್ ಇಲ್ಲದ ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಬೇಡ.

ನನ್ನ ತೀರ್ಮಾನ ನನ್ನ ದಿನಚರಿಗೆ ಕಟ್ಟಿದ್ದು. ನಾನು ಕೇಳುವುದು ಸಂಜೆ ಅಡುಗೆ ಹೊತ್ತಿನಲ್ಲಿ. ತೆಂಗಿನಕಾಯಿ ತುರಿಯುವ ಕೈ, ಮೀನು ತೊಳೆಯುವ ಕೈ. ಇಪ್ಪತ್ತು ನಿಮಿಷಕ್ಕೊಮ್ಮೆ ಪ್ಲೇಟು ತಿರುಗಿಸಲು ಆ ಕೈ ಆಗುವುದಿಲ್ಲ. ಸಂಗೀತಕ್ಕೆ ತಿಂಗಳಿಗೆ ಐನೂರು ರೂಪಾಯಿ ಇಟ್ಟಿದ್ದೇನೆ. ಆ್ಯಪ್‌ನ ಚಂದಾ ಹೋಗಿ ಉಳಿದದ್ದಕ್ಕೆ ಒಂದೋ ಎರಡೋ ಹಳೇ ಸಿಡಿ ಬರುತ್ತದೆ. ಆ್ಯಪ್‌ನಲ್ಲಿ ಕೇಳಿ ಮತ್ತೆ ಮತ್ತೆ ಬೇಕು ಅನ್ನಿಸಿದ್ದನ್ನು ಮಾತ್ರ ಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಏಸಿ ಕೋಣೆ ಇದ್ದರೆ, ಸಂಜೆ ಕೂತು ಕೇಳುವ ಬಿಡುವಿದ್ದರೆ ಎಲ್‌ಪಿ ಇಟ್ಟುಕೊಳ್ಳಿ, ಖಂಡಿತ ಸುಖ ಸಿಗುತ್ತದೆ. ಅಣ್ಣನ ಪ್ಲೇಟುಗಳನ್ನು ನಾನೂ ಮಾರಿಲ್ಲ. ಮೇ ಕೊನೆಗೆ ಒರೆಸಿ ಕಟ್ಟಿಟ್ಟು ನವೆಂಬರಿನ ಮೇಲೆ ಬಿಚ್ಚುತ್ತೇನೆ.

ಈಗ ಹುಡುಕುತ್ತಿರುವುದು ಒಂದು ಸಿಡಿಯನ್ನು. ಸ್ಯಾಕ್ಸೊಫೋನ್ ಅಂದರೆ ನಮ್ಮೂರಿನವರಿಗೆ ಕದ್ರಿ ಗೋಪಾಲನಾಥ್. ಕೈಂಡ್ ಆಫ್ ಬ್ಲೂನಲ್ಲಿ ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆ್ಯಡರ್ಲಿ ಇಬ್ಬರ ಸ್ಯಾಕ್ಸೊಫೋನ್ ಕೇಳಿದ ಮೇಲೆ ಗೋಪಾಲನಾಥ್ ಅವರ ಗಮಕ ಇನ್ನೂ ಸ್ಪಷ್ಟವಾಗಿ ಕಿವಿಗೆ ಬೀಳುತ್ತಿದೆ. ಅವರು ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ ಕಿನ್ಸ್‌ಮೆನ್ 2008ರಲ್ಲಿ ಬಂತು. ಆ್ಯಪ್‌ನಲ್ಲಿ ಕೇಳಿ ಆಗಿದೆ. ಯಾರ ಬಳಿಯಾದರೂ ಮೇಲಿನ ಬದಿ ಗೀರಿಲ್ಲದ ಪ್ರತಿ ಇದ್ದರೆ ಒಳ್ಳೆಯ ಬೆಲೆ ಕೊಡಲು ನಾನು ತಯಾರು.